ಅರ್ಧ ವರ್ಷ ಪರದೇಶದಲ್ಲಿರುವವರು ಊರಲ್ಲಿ ಯಾವ ಕಾರು ಇಟ್ಟುಕೊಳ್ಳಬೇಕು?

ಮಗಳ ಮನೆಯಲ್ಲಿ ಆರು ತಿಂಗಳಿದ್ದು ಅಮೆರಿಕದಿಂದ ಮೊದಲ ಸಲ ಮೈಸೂರಿಗೆ ವಾಪಸು ಬಂದ ದಿನ, ಸೂಟ್‌ಕೇಸು ಜಗಲಿಯಲ್ಲೇ ಬಿಟ್ಟು ನಾನು ಕಾರಿನ ಹತ್ತಿರ ಹೋದೆ. ರಿಮೋಟ್ ಒತ್ತಿದರೆ ಸದ್ದಿಲ್ಲ. ಕೀಲಿ ಹಾಕಿ ಬಾಗಿಲು ತೆಗೆದಾಗ ಒದ್ದೆ ಗೋಣಿಚೀಲದ ವಾಸನೆ ಮೂಗಿಗೆ ಹೊಡೆಯಿತು. ಸ್ಟೇರಿಂಗಿನ ಮೇಲೆ ತೆಳ್ಳಗೆ ಬೂದುಬಣ್ಣದ ಬೂಷ್ಟು. ಬಾನೆಟ್ ಎತ್ತಿದೆ: ಬ್ಯಾಟರಿಯ ಪಕ್ಕದಲ್ಲಿ ತೆಂಗಿನ ನಾರು, ಒಣಗಿದ ನುಗ್ಗೆ ಕಡ್ಡಿ, ಯಾರದೋ ಮನೆಯ ಒರೆಸುವ ಬಟ್ಟೆಯ ಚಿಂದಿ ಸೇರಿಸಿ ಇಲಿ ಕಟ್ಟಿದ ಗೂಡು. ಹೆಡ್‌ಲೈಟಿಗೆ ಹೋಗುವ ವೈರಿನ ಮೇಲಿನ ಪ್ಲಾಸ್ಟಿಕ್ಕು ಒಂದು ಗೇಣು ಉದ್ದಕ್ಕೆ ಇರಲೇ ಇಲ್ಲ, ತಾಮ್ರ ಹೊಳೆಯುತ್ತಿತ್ತು. ಬ್ಯಾಟರಿ, ವೈರಿಂಗು, ಎರಡು ಟೈರು ಎಲ್ಲ ಸೇರಿ ಇಪ್ಪತ್ತು ಸಾವಿರದ ಹತ್ತಿರ ಹೋಯಿತು.

ಅವತ್ತಿನಿಂದ ಕಾರು ನೋಡುವ ರೀತಿಯೇ ನನಗೆ ಬದಲಾಯಿತು. ಶೋರೂಮಿನಲ್ಲಿ ನಿಂತಾಗ ಮೈಲೇಜು, ಬಣ್ಣ, ಸನ್‌ರೂಫು ಕಣ್ಣಿಗೆ ಬೀಳುತ್ತವೆ. ವರ್ಷದಲ್ಲಿ ಅರ್ಧ ಭಾಗ ನಿಂತೇ ಇರುವ ಕಾರಿನ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ನಾವಿಲ್ಲದಾಗ ಇದರ ಗತಿ ಏನು? ಮಕ್ಕಳ ಮನೆಗೆ ಹೋಗಿಬರುವ ನಿವೃತ್ತರಿಗೆ, ಗಲ್ಫಿನಲ್ಲಿ ದುಡಿದು ರಜೆಗೆ ಬರುವವರಿಗೆ, ಓಸಿಐ ಕಾರ್ಡು (ವಿದೇಶಿ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಕೊಡುವ ಕಾರ್ಡು) ಹಿಡಿದು ಚಳಿಗಾಲ ಊರಲ್ಲಿ ಕಳೆಯುವವರಿಗೆ ಈ ಬರಹ. ಲೆಕ್ಕಗಳು ಕರ್ನಾಟಕದವು.

ಹೆಜ್ಜೆ 1: ಕಾರು ಬೇಕೇ ಬೇಕೇ ಎಂದು ಕಾಗದದ ಮೇಲೆ ಬರೆಯಿರಿ

ಹಳೇ ಸಣ್ಣ ಕಾರೊಂದನ್ನು ಮೂರೂವರೆ ಲಕ್ಷಕ್ಕೆ ಕೊಂಡು ಐದು ವರ್ಷದ ಮೇಲೆ ಎರಡು ಲಕ್ಷಕ್ಕೆ ಮಾರಿದಿರಿ ಎನ್ನೋಣ. ವರ್ಷಕ್ಕೆ ಮೂವತ್ತು ಸಾವಿರ ಅಲ್ಲೇ ಕರಗಿತು. ವಿಮೆ, ಸರ್ವಿಸು, ಆಗಾಗ ಬರುವ ಬ್ಯಾಟರಿ ಟೈರಿನ ಖರ್ಚು ಎಂದು ಇನ್ನೊಂದು ಇಪ್ಪತ್ತು ಸಾವಿರ ಸೇರಿಸಿ. ಪೆಟ್ರೋಲು ಹಾಕುವ ಮೊದಲೇ ವರ್ಷಕ್ಕೆ ಐವತ್ತು ಸಾವಿರ. ಹನ್ನೆರಡು ತಿಂಗಳು ಊರಲ್ಲಿರುವವರಿಗೆ ಇದು ತಿಂಗಳಿಗೆ ನಾಲ್ಕು ಸಾವಿರ ಚಿಲ್ಲರೆ. ಆರೇ ತಿಂಗಳು ಇರುವ ನಮಗೆ ಎಂಟು ಸಾವಿರ ದಾಟುತ್ತದೆ. ಆನ್‌ರೋಡ್ ಆರೂವರೆ ಲಕ್ಷದ ಹೊಸ ಕಾರಿಗೆ ಇದೇ ಲೆಕ್ಕ ಹಾಕಿದರೆ ಹೆಚ್ಚುಕಮ್ಮಿ ದುಪ್ಪಟ್ಟಾಗುತ್ತದೆ.

ತಿಂಗಳಿಗೆ ಎಂಟು ಸಾವಿರಕ್ಕೆ ಮೈಸೂರಿನಂಥ ಊರಿನಲ್ಲಿ ಸಾಕಷ್ಟು ಆಟೋ, ಟ್ಯಾಕ್ಸಿ ಸಿಗುತ್ತದೆ. ವಾರಕ್ಕೊಮ್ಮೆ ದೇವರಾಜ ಮಾರುಕಟ್ಟೆಗೆ, ತಿಂಗಳಿಗೊಮ್ಮೆ ನಂಜನಗೂಡಿಗೆ ಹೋಗುವುದಷ್ಟೇ ನಿಮ್ಮ ಓಡಾಟವಾದರೆ ಕಾರು ಬೇಡವೆಂದೇ ನನ್ನ ಸಲಹೆ. ಆದರೆ ರಾತ್ರಿ ಎರಡು ಗಂಟೆಗೆ ವಯಸ್ಸಾದ ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಗಬಹುದು, ಹಳ್ಳಿಯ ತೋಟಕ್ಕೆ ವಾರಕ್ಕೆರಡು ಸಲ ಹೋಗಬೇಕು, ಮಂಡಿನೋವಿನಿಂದ ಬಸ್ಸು ಹತ್ತಲಾಗದು ಎಂಬ ಮನೆಗಳಲ್ಲಿ ಈ ಎಂಟು ಸಾವಿರಕ್ಕೆ ಬೇರೆಯೇ ಬೆಲೆಯಿದೆ. ನಮ್ಮದು ಎರಡನೆಯ ಥರದ ಮನೆ. ಅದಕ್ಕೇ ಕಾರು ಉಳಿಸಿಕೊಂಡಿದ್ದೇವೆ.

ಹೆಜ್ಜೆ 2: ಮಾಡೆಲ್ ನೋಡುವ ಮೊದಲು ನೋಡಿಕೊಳ್ಳುವವರನ್ನು ಹುಡುಕಿ

ಹೆಚ್ಚಿನವರು ಇದನ್ನು ಕೊನೆಗೆ ಯೋಚಿಸುತ್ತಾರೆ, ವಿಮಾನ ಹತ್ತುವ ಹಿಂದಿನ ದಿನ ಪಕ್ಕದ ಮನೆಯವರ ಕೈಗೆ ಕೀಲಿ ಕೊಟ್ಟು "ಆಗಾಗ ಸ್ವಲ್ಪ ಸ್ಟಾರ್ಟ್ ಮಾಡ್ತಾ ಇರಪ್ಪ" ಅನ್ನುತ್ತಾರೆ. ನಾನೂ ಹಾಗೇ ಹೇಳಿದ್ದೆ. ಆ ಹುಡುಗ ಪ್ರತಿ ಭಾನುವಾರ ನಿಷ್ಠೆಯಿಂದ ಬಂದು ಐದು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸುತ್ತಿದ್ದ. ಅದರಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಸ್ಟಾರ್ಟರ್ ಮೋಟಾರು ಎಳೆದುಕೊಂಡ ಕರೆಂಟನ್ನು ಐದು ನಿಮಿಷದ ಐಡಲಿಂಗು ಬ್ಯಾಟರಿಗೆ ಪೂರ್ತಿ ಹಿಂದಿರುಗಿಸುವುದಿಲ್ಲ. ಎಂಜಿನ್ ಪೂರ್ತಿ ಕಾಯದೆ ಸೈಲೆನ್ಸರಿನಲ್ಲಿ, ಆಯಿಲ್‌ನಲ್ಲಿ ನೀರಿನಂಶ ಉಳಿಯುತ್ತದೆ. ಟೈರು ಅದೇ ಜಾಗದಲ್ಲಿ ಕೂತಿರುತ್ತದೆ.

ಆದ್ದರಿಂದ ಇರುವುದು ಎರಡೇ ದಾರಿ. ನಂಬಿಕಸ್ಥರೊಬ್ಬರು ಹತ್ತು ಹದಿನೈದು ದಿನಕ್ಕೊಮ್ಮೆ ಕಾರನ್ನು ರಸ್ತೆಗಿಳಿಸಿ ಹತ್ತು ಹದಿನೈದು ಕಿಲೋಮೀಟರು, ಎಸಿ ಹಾಕಿಕೊಂಡು ಓಡಿಸಿ ತರಬೇಕು. ಇಲ್ಲವೇ ಕಾರನ್ನು ಸರಿಯಾಗಿ "ಮಲಗಿಸಿ" ಹೋಗಬೇಕು, ಯಾರೂ ಮುಟ್ಟಬಾರದು.

ಓಡಿಸುವವರು ಅಣ್ಣನ ಮಗನಿರಲಿ, ಪರಿಚಯದ ಡ್ರೈವರಿರಲಿ, ಲೈಸೆನ್ಸನ್ನು ಕಣ್ಣಾರೆ ನೋಡಿ, ಫೋಟೋ ಇಟ್ಟುಕೊಳ್ಳಿ. ಅವಧಿ ಮುಗಿದ ಲೈಸೆನ್ಸಿನವರು ಓಡಿಸುವಾಗ ಅಪಘಾತವಾದರೆ ವಿಮಾ ಕಂಪನಿ ಕ್ಲೇಮು ತಿರಸ್ಕರಿಸಬಹುದು. ಲೈಸೆನ್ಸಿಲ್ಲದವರ ಕೈಗೆ ಕಾರು ಕೊಟ್ಟ ಮಾಲೀಕರಿಗೆ 5,000 ರೂಪಾಯಿಯವರೆಗೆ ದಂಡವಿದೆ. ಹದಿನೆಂಟು ತುಂಬದ ಹುಡುಗ ಓಡಿಸಿದರಂತೂ 25,000 ರೂಪಾಯಿ ದಂಡದ ಜೊತೆ ಜೈಲಿಗೂ ಅವಕಾಶವಿದೆ. "ನಾನು ದೇಶದಲ್ಲೇ ಇರಲಿಲ್ಲ" ಎಂಬುದು ಅಲ್ಲಿ ಉತ್ತರವಾಗುವುದಿಲ್ಲ.

ನೋಡಿಕೊಳ್ಳುವವರಿಗೆ ಆಟೋಮ್ಯಾಟಿಕ್ ಗೊತ್ತಿಲ್ಲವೆಂದರೆ, ದೊಡ್ಡ ಗಾಡಿ ಗೇಟಿನಿಂದ ಹೊರತೆಗೆಯಲು ಅಂಜುತ್ತಾರೆಂದರೆ, ಅದೂ ನಿಮ್ಮ ಆಯ್ಕೆಯನ್ನು ನಿರ್ಧರಿಸಬೇಕು. ಇದು ಎರಡನೇ ಹೆಜ್ಜೆಯಾಗಿರುವುದು ಅದಕ್ಕೇ.

ಹೆಜ್ಜೆ 3: ಹೊಸದೋ, ಹಳೆಯದೋ

ಹೊಸ ಕಾರು ಮೊದಲ ವರ್ಷಗಳಲ್ಲೇ ಹೆಚ್ಚು ಬೆಲೆ ಕಳೆದುಕೊಳ್ಳುತ್ತದೆ. ವಿಮೆಯವರು ಕಾರಿನ ಮೌಲ್ಯ ಲೆಕ್ಕಹಾಕುವ ಪಟ್ಟಿಯನ್ನೇ ನೋಡಿ: ಒಂದು ವರ್ಷ ದಾಟಿದರೆ ಶೇ. 20 ಕಡಿತ, ಎರಡು ದಾಟಿದರೆ 30, ಮೂರು ದಾಟಿದರೆ 40, ನಾಲ್ಕು ದಾಟಿದರೆ 50. ನೀವು ಓಡಿಸಿದರೂ ಓಡಿಸದಿದ್ದರೂ ಕ್ಯಾಲೆಂಡರು ಓಡುತ್ತಲೇ ಇರುತ್ತದೆ. ವಾರಂಟಿಯೂ ಹಾಗೆಯೇ. ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರು ಎಂದಿದ್ದರೆ ನಿಮಗೆ ಸಿಗುವುದು ಬಳಸಿದ ಒಂದೂವರೆ ವರ್ಷದ ವಾರಂಟಿ ಮಾತ್ರ.

ಇನ್ನೊಂದು ಕರ್ನಾಟಕದ್ದೇ ಆದ ವಿಷಯ, ರಸ್ತೆ ತೆರಿಗೆ. ನಮ್ಮಲ್ಲಿ ಪೆಟ್ರೋಲ್ ಕಾರಿನ ಜೀವಾವಧಿ ತೆರಿಗೆ ಐದು ಲಕ್ಷದವರೆಗೆ ಶೇ. 13, ಹತ್ತು ಲಕ್ಷದವರೆಗೆ 14, ಇಪ್ಪತ್ತರವರೆಗೆ 17, ಅದಕ್ಕೂ ಮೇಲೆ 18. ಅದರ ಮೇಲೆ ಸೆಸ್ಸು. ಐದೂವರೆ ಲಕ್ಷದ ಕಾರಿಗೆ ತೆರಿಗೆಯೇ 77,000. ಹದಿನೈದು ವರ್ಷಕ್ಕೆಂದು ಕಟ್ಟುವ ಈ ಹಣದಲ್ಲಿ ಅರ್ಧಕಾಲ ನಾವು ರಸ್ತೆಯಲ್ಲೇ ಇರುವುದಿಲ್ಲ. ಕರ್ನಾಟಕದಲ್ಲೇ ನೋಂದಣಿಯಾದ ಹಳೇ ಕಾರಿನಲ್ಲಿ ಈ ತೆರಿಗೆ ಆಗಲೇ ಕಟ್ಟಿರುತ್ತದೆ, ಕಾರಿನ ಜೊತೆಯೇ ನಿಮಗೆ ಬರುತ್ತದೆ.

ಹೀಗಾಗಿ ನಾಲ್ಕರಿಂದ ಆರು ವರ್ಷ ಹಳೆಯ, ಒಬ್ಬರೇ ಮಾಲೀಕರ ಕೈಯಲ್ಲಿದ್ದ, ಕೆಎ ನಂಬರಿನ ಪೆಟ್ರೋಲ್ ಸಣ್ಣ ಕಾರು ನಮ್ಮಂಥವರಿಗೆ ಸರಿಹೊಂದುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ವ್ಯಾಗನ್ ಆರ್, ಸೆಲೆರಿಯೊ, ಗ್ರಾಂಡ್ ಐ10 ನಿಯೋಸ್, ಟಿಯಾಗೊ ಇವೆಲ್ಲ ಈ ಗುಂಪಿನವು. ನಿಮ್ಮ ಬಡಾವಣೆಯ ಸಾಮಾನ್ಯ ಮೆಕ್ಯಾನಿಕ್ಕಿಗೆ ಕೈಪಳಗಿದ, ಬಿಡಿಭಾಗ ಮರುದಿನವೇ ಸಿಗುವ ಮಾಡೆಲ್ ಆಗಿರಲಿ. ಎರಡು ತಿಂಗಳ ರಜೆಗೆ ಬಂದವರು ಬಿಡಿಭಾಗಕ್ಕೆ ಮೂರು ವಾರ ಕಾಯುವಂತಾದರೆ ಆ ಕಾರು ಇದ್ದೂ ಇಲ್ಲದಂತೆ.

ಹೊಸದೇ ಬೇಕು, ಹತ್ತು ಹನ್ನೆರಡು ವರ್ಷ ಇಟ್ಟುಕೊಳ್ಳುತ್ತೇನೆ ಎನ್ನುವವರಿಗೆ ಕಾಲ ಅನುಕೂಲವಾಗಿದೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿಗಿಂತ ಚಿಕ್ಕದಾದ, 1200 ಸಿಸಿಯೊಳಗಿನ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ, ಮೇಲಿನ ಸೆಸ್ಸೂ ಹೋಗಿದೆ. ಹಳೇ ಕಾರನ್ನು ಹೊಸದರ ಬೆಲೆಯ ಜೊತೆ ಹೋಲಿಸುವಾಗ ಈ ಇಳಿಕೆ ನೆನಪಿರಲಿ. ಕೆಲವು ಮಾರಾಟಗಾರರು ಇನ್ನೂ ಹಳೇ ಶೋರೂಮ್ ಬೆಲೆ ಹೇಳಿಯೇ ಚೌಕಾಸಿ ಶುರುಮಾಡುತ್ತಾರೆ.

ಹೆಜ್ಜೆ 4: ಇಂಧನ, ಗೇರು

ಡೀಸೆಲ್ ಬೇಡ. ಬಿಎಸ್6 ಎಂಬ ಈಗಿನ ಹೊಗೆ ನಿಯಮದ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರು ಇರುತ್ತದೆ. ಅದು ತಾನಾಗಿ ಸುಟ್ಟು ಶುದ್ಧವಾಗಲು ಹೆದ್ದಾರಿಯಲ್ಲಿ ಒಂದಷ್ಟು ಹೊತ್ತು ಒಂದೇ ವೇಗದ ಓಟ ಬೇಕು. ಮನೆಯಿಂದ ಮಾರುಕಟ್ಟೆಗೆ ಓಡುವ ಕಾರಿನಲ್ಲಿ ಅದು ಕಟ್ಟಿಕೊಳ್ಳುತ್ತದೆ.

ಸಿಎನ್‌ಜಿ ಆಸೆ ಹುಟ್ಟಿಸುತ್ತದೆ, ಲೆಕ್ಕ ಕೂಡುವುದಿಲ್ಲ. ವರ್ಷಕ್ಕೆ ಮೂರು ಸಾವಿರ ಕಿಲೋಮೀಟರು ಓಡಿಸುವವರಿಗೆ ಉಳಿಯುವುದು ಸುಮಾರು ಏಳು ಸಾವಿರ ರೂಪಾಯಿ. ಸಿಎನ್‌ಜಿ ಮಾಡೆಲಿಗೆ ಕೊಡುವ ಹೆಚ್ಚುವರಿ ತೊಂಬತ್ತು ಸಾವಿರ ವಾಪಸು ಬರಲು ಹನ್ನೆರಡು ಹದಿಮೂರು ವರ್ಷ ಬೇಕು. ಮೂರು ವರ್ಷಕ್ಕೊಮ್ಮೆ ಸಿಲಿಂಡರಿನ ಪರೀಕ್ಷೆಯೂ ಇದೆ, ಆ ದಿನಾಂಕ ನೀವು ಇಲ್ಲದಾಗಲೇ ಬರಬಹುದು. ವಿದ್ಯುತ್ ಕಾರಿಗೂ ಇದೇ ಮಾತು: ದಿನಾ ಓಡಿಸುವವರಿಗೆ ಅದು ಹಣ ಉಳಿಸುತ್ತದೆ, ನಿಲ್ಲಿಸುವವರಿಗಲ್ಲ. ಈಗಾಗಲೇ ಇದ್ದರೆ ಹೊರಡುವಾಗ ಪೂರ್ತಿ ಚಾರ್ಜು ಮಾಡಿಡಬೇಡಿ, ಅರ್ಧದ ಆಸುಪಾಸು ಇರಲಿ. ಅದರಲ್ಲೂ ಒಂದು ಸಾಮಾನ್ಯ 12 ವೋಲ್ಟಿನ ಬ್ಯಾಟರಿ ಇರುತ್ತದೆ, ಅದು ಸತ್ತರೆ ರಿಮೋಟಿಗೆ ಬಾಗಿಲೂ ತೆಗೆಯುವುದಿಲ್ಲ.

ಗೇರಿನ ವಿಷಯದಲ್ಲಿ ನಿಮ್ಮ ಕಾಲು, ಕೈ ಹೇಳಿದ್ದನ್ನು ಕೇಳಿ. ಪರದೇಶದಲ್ಲಿ ಆಟೋಮ್ಯಾಟಿಕ್ ಓಡಿಸಿ ರೂಢಿಯಾದವರು ಇಲ್ಲಿ ಎಎಂಟಿ (ಕ್ಲಚ್ಚಿಲ್ಲದೆ ಗೇರು ತಾನಾಗಿ ಬದಲಾಗುವ ಕಾರು) ಕೊಂಡರೆ ಮೊದಲ ವಾರದ ತಡವರಿಕೆ ಕಡಿಮೆ. ಅಮೆರಿಕ, ಗಲ್ಫಿನಲ್ಲಿ ಬಲಗಡೆಯ ಸಂಚಾರ. ಇಲ್ಲಿಯ ಹೆಚ್ಚಿನ ಕಾರುಗಳಲ್ಲಿ ಇಂಡಿಕೇಟರಿನ ಕಡ್ಡಿ ಸ್ಟೇರಿಂಗಿನ ಬಲಕ್ಕೆ, ಅಲ್ಲಿ ಎಡಕ್ಕೆ. ತಿರುವಿನಲ್ಲಿ ಕೈ ತಾನಾಗಿ ಹಳೇ ಕಡೆಗೆ ಹೋಗಿ ವೈಪರು ಓಡುತ್ತದೆ, ಹಿಂದಿನವನಿಗೆ ಸೂಚನೆಯೇ ಸಿಗುವುದಿಲ್ಲ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಳಿದ ಮರುದಿನವೇ ಬೆಂಗಳೂರು–ಮೈಸೂರು ಹೆದ್ದಾರಿಗೆ ಹೊರಡದೆ, ಎರಡು ಮೂರು ಬೆಳಗು ಖಾಲಿ ರಸ್ತೆಯಲ್ಲಿ ಕೈ ಪಳಗಿಸಿಕೊಳ್ಳಿ.

ಹೆಜ್ಜೆ 5: ಹಳೇ ಕಾರನ್ನು ಪರೀಕ್ಷಿಸುವುದು

ಮೊದಲು ಕಾಗದ. ಸಾರಿಗೆ ಇಲಾಖೆಯ ಪರಿವಾಹನ್ ತಾಣದಲ್ಲಿ ನಂಬರು ಹಾಕಿ ನೋಂದಣಿಯ ವರ್ಷ, ಎಷ್ಟನೇ ಮಾಲೀಕರು, ಸಾಲ ಬಾಕಿ ಇದೆಯೇ, ದಂಡದ ಚಲನ್‌ಗಳಿವೆಯೇ ನೋಡಿ. ಬ್ಯಾಂಕಿನ ಸಾಲ ತೀರಿದ್ದರೆ ಬ್ಯಾಂಕು ಕೊಟ್ಟ ಎನ್‌ಓಸಿ (ನಿರಾಕ್ಷೇಪಣಾ ಪತ್ರ) ಮತ್ತು ಸಾಲ ತೀರಿತೆಂದು ಆರ್‌ಟಿಓಗೆ ತಿಳಿಸುವ ಫಾರಂ 35 ಕೇಳಿ. ಆರ್‌ಸಿ (ನೋಂದಣಿ ಪತ್ರ) ವರ್ಗಾವಣೆಗೆ ಫಾರಂ 29 ಮತ್ತು 30. ಹೆಸರು ಬದಲಾಗಿ ಆರ್‌ಸಿ ಕೈಗೆ ಬರುವವರೆಗೆ ನೀವು ಊರಲ್ಲೇ ಇರುವಂತೆ ಸಮಯ ಇಟ್ಟುಕೊಳ್ಳಿ, ಆರ್‌ಟಿಓ ಕೆಲಸ ವಾರಗಟ್ಟಲೆ ಎಳೆಯಬಹುದು.

ಪುದುಚೇರಿಯಂಥ ಬೇರೆ ಕಡೆಯ ನಂಬರಿನ ಕಾರು ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗಬೇಡಿ. ಅಲ್ಲಿಂದ ಎನ್‌ಓಸಿ ತಂದು, ಇಲ್ಲಿ ತೆರಿಗೆ ಕಟ್ಟಿ, ಮತ್ತೆ ನೋಂದಣಿ ಮಾಡಿಸಬೇಕು. ಹಳೇ ತೆರಿಗೆ ವಾಪಸು ಪಡೆಯಲು ಆ ಊರಿಗೆ ಅಲೆಯಬೇಕು. ಆರು ತಿಂಗಳು ಮಾತ್ರ ಇಲ್ಲಿರುವವರಿಗೆ ಇದು ಮುಗಿಯದ ಕೆಲಸ.

ಆಮೇಲೆ ಕಾರು. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಸಂಖ್ಯೆ ಹುಡುಕಿ: 2321 ಎಂದಿದ್ದರೆ 2021ರ 23ನೇ ವಾರದಲ್ಲಿ ತಯಾರಾದದ್ದು. ಹಲ್ಲು ಚೆನ್ನಾಗಿದ್ದರೂ ಐದಾರು ವರ್ಷವಾದ ರಬ್ಬರು ಬಿರಿಯುತ್ತದೆ, ಕಡಿಮೆ ಓಡುವ ಕಾರುಗಳಲ್ಲಿ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಬೆಂಗಳೂರಿನಿಂದ ಬಂದ ಕಾರಾದರೆ ಕಾರ್ಪೆಟ್ಟಿನ ಮೂಲೆ ಎತ್ತಿ ನೋಡಲೇಬೇಕು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆಯ ಕಡೆ ಎಷ್ಟೋ ಕಾರುಗಳು ನೀರಿನಲ್ಲಿ ನಿಂತಿದ್ದವು. ತೊಳೆದು ಪಾಲಿಶ್ ಮಾಡಿದರೂ ಸೀಟು ಜಾರುವ ಹಳಿಯ ಅಡಿಯ ತುಕ್ಕು, ಸೀಟ್‌ಬೆಲ್ಟು ಪೂರ್ತಿ ಎಳೆದಾಗ ತುದಿಯಲ್ಲಿ ಕಾಣುವ ಕೆಸರಿನ ಕಲೆ ಸುಳ್ಳು ಹೇಳುವುದಿಲ್ಲ.

ಮೀಟರಿನಲ್ಲಿ ಕಿಲೋಮೀಟರು ತೀರಾ ಕಡಿಮೆಯಿದ್ದರೆ ಅದನ್ನು ಕಣ್ಣುಮುಚ್ಚಿ ಒಳ್ಳೆಯದೆಂದುಕೊಳ್ಳಬೇಡಿ. ಆರು ವರ್ಷದಲ್ಲಿ ಹನ್ನೆರಡು ಸಾವಿರ ಓಡಿದ ಕಾರೂ ನಮ್ಮಂಥವರ ಮನೆಯಲ್ಲಿ ನಿಂತು ಒಣಗಿದ್ದೇ ಇರಬಹುದು. ಕಂಪನಿ ಸರ್ವಿಸ್ ಸೆಂಟರಿನ ದಾಖಲೆಯಲ್ಲಿ ವರ್ಷಕ್ಕೊಮ್ಮೆ ಆಯಿಲ್ ಬದಲಾಗಿದೆಯೇ ನೋಡಿ. ನಿಮ್ಮ ಮೆಕ್ಯಾನಿಕ್ಕನ್ನು ಜೊತೆಗೆ ಕರೆದೊಯ್ಯಿರಿ, ಅವರ ಒಂದು ದಿನದ ಕೂಲಿ ಕೊಡಿ.

ಹೆಜ್ಜೆ 6: ಯಾವಾಗ ಕೊಳ್ಳುವುದು

ಊರಿಗೆ ಬಂದ ಮೊದಲ ಎರಡು ಮೂರು ವಾರದಲ್ಲಿ. ಹೊಸ ಕಾರಿನ ಮೊದಲ ಸರ್ವಿಸು ತಿಂಗಳಿಗೆ ಅಥವಾ ಸಾವಿರ ಕಿಲೋಮೀಟರಿಗೆ ಬರುತ್ತದೆ, ಅದು ನೀವಿರುವಾಗ ಮುಗಿಯಲಿ. ಆರು ತಿಂಗಳಿನದು ನೀವಿಲ್ಲದಾಗ ಬಿದ್ದರೆ ಯಾರು ಒಯ್ಯುತ್ತಾರೆಂದು ಅಂದೇ ಗೊತ್ತುಮಾಡಿ, ಸರ್ವಿಸು ತಪ್ಪಿದರೆ ವಾರಂಟಿಗೆ ತಕರಾರು ಬರುತ್ತದೆ. ಡಿಸೆಂಬರಿನಲ್ಲಿ ಸಿಗುವ ರಿಯಾಯಿತಿ ಬಹುಕಾಲ ಇಟ್ಟುಕೊಳ್ಳುವವರಿಗೆ ಲಾಭ, ಮೂರು ವರ್ಷದಲ್ಲಿ ಮಾರುವವರಿಗೆ ಅಲ್ಲ. ಖರೀದಿದಾರರು ತಯಾರಾದ ವರ್ಷವನ್ನೇ ಕೇಳುತ್ತಾರೆ.

ಹೆಜ್ಜೆ 7: ವಿಮೆಯ ದಿನಾಂಕ

ಪರದೇಶಕ್ಕೆ ಹೋಗಿಬರುವವರು ಅತಿ ಹೆಚ್ಚು ಹಣ ಕಳೆದುಕೊಳ್ಳುವುದು ಇಲ್ಲಿ, ಅದೂ ಗೊತ್ತೇ ಆಗದಂತೆ.

ಕ್ಲೇಮು ಮಾಡದ ವರ್ಷಗಳಿಗೆ ಸಿಗುವ ನೋ ಕ್ಲೇಮ್ ಬೋನಸ್ಸು ಶೇ. 20ರಿಂದ ಶುರುವಾಗಿ 25, 35, 45 ಎಂದು ಏರಿ ಐದು ವರ್ಷಕ್ಕೆ 50 ಮುಟ್ಟುತ್ತದೆ. ಸ್ವಂತ ಹಾನಿಯ ಭಾಗದ ಪ್ರೀಮಿಯಂ ಅರ್ಧಕ್ಕರ್ಧ ಕಡಿಮೆ. ಆದರೆ ಪಾಲಿಸಿ ಮುಗಿದ 90 ದಿನದೊಳಗೆ ನವೀಕರಿಸದಿದ್ದರೆ ಆ ಬೋನಸ್ಸು ಪೂರ್ತಿ ಹೋಗುತ್ತದೆ. ನೀವು ಹೊರಟ ಎರಡನೇ ತಿಂಗಳಲ್ಲಿ ಪಾಲಿಸಿ ಮುಗಿಯಿತು, ಆರನೇ ತಿಂಗಳಿಗೆ ಬಂದಿರಿ ಎಂದಿಟ್ಟುಕೊಳ್ಳಿ: ಐದು ವರ್ಷದ ಗಳಿಕೆ ಸೊನ್ನೆ. ಜೊತೆಗೆ ಕಾರನ್ನು ಮತ್ತೆ ತಪಾಸಣೆಗೆ ತೋರಿಸಬೇಕು. ನಡುವೆ ಕಳುವಾದರೆ, ಮರ ಬಿದ್ದರೆ ಕೇಳುವವರಿಲ್ಲ.

ಆದ್ದರಿಂದ ನವೀಕರಣದ ದಿನ ನೀವು ಊರಲ್ಲಿರುವ ತಿಂಗಳಿಗೆ ಬರುವಂತೆ ಮಾಡಿಕೊಳ್ಳಿ. ಹಳೇ ಕಾರು ಕೊಂಡಾಗ ಹೊಸ ಪಾಲಿಸಿಯನ್ನು ನಿಮ್ಮ ಹೆಸರಿಗೆ ಶುರುಮಾಡುವುದು ಇದಕ್ಕೆ ಒಳ್ಳೆಯ ಸಂದರ್ಭ. ಹಳೇ ಮಾಲೀಕರ ಬೋನಸ್ಸು ಕಾರಿನ ಜೊತೆ ಬರುವುದಿಲ್ಲ, ಅದು ವ್ಯಕ್ತಿಗೆ ಸೇರಿದ್ದು. ನೀವು ಹಿಂದೆ ಕಾರು ಮಾರಿದ್ದರೆ ನಿಮ್ಮ ಬೋನಸ್ಸಿನ ಪ್ರಮಾಣಪತ್ರ ಪಡೆದಿಟ್ಟುಕೊಳ್ಳಿ, ಮೂರು ವರ್ಷ ನಡೆಯುತ್ತದೆ.

2022ರ ಜುಲೈನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ "ಓಡಿಸಿದಷ್ಟಕ್ಕೆ ಪಾವತಿ" ಮಾದರಿಗೆ ಅನುಮತಿ ಕೊಟ್ಟಿತು. ವರ್ಷಕ್ಕೆ ಇಷ್ಟೇ ಕಿಲೋಮೀಟರು ಎಂದು ಮೊದಲೇ ಹೇಳಿ ಕಡಿಮೆ ಪ್ರೀಮಿಯಂ ಕಟ್ಟುವ ವ್ಯವಸ್ಥೆ ಇದು. ನಮ್ಮಂಥವರಿಗೆ ಹೇಳಿ ಮಾಡಿಸಿದಂತಿದೆ, ಏಜೆಂಟರು ತಾವಾಗಿ ಹೇಳುವುದು ಅಪರೂಪ, ಕೇಳಿ ಪಡೆಯಿರಿ. ಬರೀ ಥರ್ಡ್ ಪಾರ್ಟಿಯಲ್ಲಿ (ನಮ್ಮ ಕಾರಿನಿಂದ ಬೇರೆಯವರಿಗಾದ ಹಾನಿಗಷ್ಟೇ ಇರುವ ವಿಮೆಯಲ್ಲಿ) ಮುಗಿಸುವ ಉಳಿತಾಯ ಬೇಡ. ನಿಂತ ಕಾರಿಗೆ ಬರುವ ಆಪತ್ತುಗಳೆಂದರೆ ಕಳ್ಳತನ, ಬೆಂಕಿ, ನೀರು, ಬಿದ್ದ ಕೊಂಬೆ. ಇವು ಯಾವುವೂ ಥರ್ಡ್ ಪಾರ್ಟಿಯಲ್ಲಿಲ್ಲ.

ಇದೇ ಕೂತಲ್ಲಿ ಮೂರು ದಿನಾಂಕ ಬರೆದುಕೊಳ್ಳಿ. ಒಂದು, ಹೊಗೆ ತಪಾಸಣೆ. ಬಿಎಸ್4, ಬಿಎಸ್6 ಕಾರಿಗೆ ವರ್ಷಕ್ಕೊಮ್ಮೆ. ಎರಡು, ನಿಮ್ಮ ಡ್ರೈವಿಂಗ್ ಲೈಸೆನ್ಸು. ಐವತ್ತೈದು ದಾಟಿದವರಿಗೆ ಐದೈದು ವರ್ಷಕ್ಕೆ ಮಾತ್ರ ನವೀಕರಣ, ನಲವತ್ತರ ಮೇಲೆ ವೈದ್ಯರ ಪ್ರಮಾಣಪತ್ರವೂ ಬೇಕು. ಮುಗಿಯುವ ಒಂದು ವರ್ಷ ಮುಂಚೆಯೇ ಅರ್ಜಿ ಹಾಕಬಹುದು, ಕಾಯಬೇಡಿ. ಮೂರು, ಮೊಬೈಲ್ ಸಿಮ್ಮಿನ ರೀಚಾರ್ಜು. ವಿಮೆ, ಫಾಸ್ಟ್ಯಾಗ್, ಪರಿವಾಹನ್ ಎಲ್ಲದರ ಓಟಿಪಿ ಆ ಸಿಮ್ಮಿಗೇ ಬರುವುದು. ಮೂರು ತಿಂಗಳು ಬಳಸದೆ ಬಿಟ್ಟರೆ ನಂಬರೇ ಹೋಗಬಹುದು.

ಹೆಜ್ಜೆ 8: ಹೊರಡುವ ವಾರ ಕಾರನ್ನು ಮಲಗಿಸುವುದು

ಸಣ್ಣ ಕಾರಿನ ಬ್ಯಾಟರಿ ಸಾಮಾನ್ಯವಾಗಿ 35 ಆಂಪಿಯರ್-ಅವರ್. ಕಾರು ಆಫ್ ಆಗಿದ್ದರೂ ಅಲಾರಾಂ, ಲಾಕು, ಕಂಪ್ಯೂಟರು ಸೇರಿ ಸುಮಾರು 40 ಮಿಲಿಆಂಪಿಯರ್ ಎಳೆಯುತ್ತಲೇ ಇರುತ್ತವೆ. ದಿನಕ್ಕೆ ಒಂದು ಆಂಪಿಯರ್-ಅವರ್ ಆಯಿತು. ಮೂರು ವಾರಕ್ಕೆ ಎಂಜಿನ್ ಎತ್ತುವ ಶಕ್ತಿ ಹೋಗಿ, ಐದು ವಾರಕ್ಕೆ ಪೂರ್ತಿ ಬರಿದು. ಹಾಗೆ ಬರಿದಾಗಿ ತಿಂಗಳುಗಟ್ಟಲೆ ಬಿದ್ದ ಬ್ಯಾಟರಿ ಮತ್ತೆ ಮೊದಲಿನಂತಾಗುವುದಿಲ್ಲ. ಪರಿಹಾರ ಹತ್ತು ಮಿಲಿಮೀಟರಿನ ಒಂದು ಸ್ಪ್ಯಾನರಿನಲ್ಲಿದೆ: ಮೈನಸ್ ಕಡೆಯ ತಂತಿ ಬಿಚ್ಚಿ, ಬಟ್ಟೆ ಸುತ್ತಿ ಪಕ್ಕಕ್ಕಿಡಿ. ಆಮೇಲೆ ರಿಮೋಟು ಕೆಲಸ ಮಾಡುವುದಿಲ್ಲ, ಬಾಗಿಲನ್ನು ಕೀಲಿಯಿಂದಲೇ ಹಾಕಬೇಕು.

ಟ್ಯಾಂಕು ತುಂಬಿಸಿ. ಈಗ ಬಂಕಿನಲ್ಲಿ ಬರುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ, ಅದು ಗಾಳಿಯ ತೇವವನ್ನು ಹೀರುತ್ತದೆ. ಟ್ಯಾಂಕಿನಲ್ಲಿ ಖಾಲಿ ಜಾಗ ಕಡಿಮೆಯಿದ್ದಷ್ಟೂ ತೇವಕ್ಕೆ ಅವಕಾಶ ಕಡಿಮೆ. ಕಾಲು ಟ್ಯಾಂಕು ಬಿಟ್ಟು ಮಳೆಗಾಲ ಕಳೆಯುವುದು ಒಳ್ಳೆಯದಲ್ಲ. ಆಯಿಲ್ ಬದಲಿಸುವ ಕಾಲ ಹತ್ತಿರವಿದ್ದರೆ ಹೋಗುವ ಮುಂಚೆಯೇ ಬದಲಿಸಿ, ಹಳೇ ಆಯಿಲ್‌ನಲ್ಲಿರುವ ಆಮ್ಲದಂಶ ಎಂಜಿನಿನೊಳಗೆ ಕೂತು ತಿನ್ನುವುದು ತಪ್ಪುತ್ತದೆ.

ಟೈರಿಗೆ ಮಾಮೂಲಿಗಿಂತ ನಾಲ್ಕೈದು ಪಿಎಸ್‌ಐ ಹೆಚ್ಚು ಗಾಳಿ. ಹ್ಯಾಂಡ್‌ಬ್ರೇಕು ಎಳೆಯಬೇಡಿ, ಬ್ರೇಕಿನ ಪಟ್ಟಿ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಗೇರಿನಲ್ಲಿಟ್ಟು, ಚಕ್ರದ ಎರಡೂ ಕಡೆ ಇಟ್ಟಿಗೆ ಕೊಡಿ.

ಇಲಿಯ ವಿಷಯಕ್ಕೆ ನಾನು ಹೆಚ್ಚು ಗಮನ ಕೊಡುತ್ತೇನೆ, ಕಾರಣ ಮೇಲೆ ಹೇಳಿದೆ. ಕಾರಿನೊಳಗೆ ಒಂದು ಬಿಸ್ಕತ್ತಿನ ಚೂರೂ ಇರಬಾರದು. ಶೆಡ್ಡಿನಲ್ಲಿ ತೆಂಗಿನಕಾಯಿ, ನಾಯಿಯ ಊಟ, ಕಸದ ಬುಟ್ಟಿ ಇಡಬೇಡಿ. ನುಸಿಗುಳಿಗೆಯನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಬಾನೆಟ್ಟಿನೊಳಗೆ ತೂಗುಹಾಕಿ, ಎರಡು ತಿಂಗಳಲ್ಲಿ ಅದು ಆವಿಯಾಗುವುದರಿಂದ ಯಾರಾದರೂ ಬದಲಿಸಬೇಕು. ನನಗೆ ಹೆಚ್ಚು ಫಲ ಕೊಟ್ಟದ್ದು, ನಾವಿಲ್ಲದಾಗ ಬಾನೆಟ್ಟನ್ನು ಒಂದು ಗೇಣು ತೆರೆದೇ ಇಡುವುದು. ಇಲಿಗೆ ಕತ್ತಲೆಯ ಬೆಚ್ಚಗಿನ ಗೂಡು ಬೇಕು, ಬೆಳಕು ಬಿದ್ದರೆ ಕೂರುವುದಿಲ್ಲ. ಬೀಗ ಹಾಕಿದ ಶೆಡ್ಡಿದ್ದವರು ಮಾತ್ರ ಹೀಗೆ ಮಾಡಬಹುದು.

ಹೊದಿಕೆ ಬಟ್ಟೆಯದಿರಲಿ. ಪ್ಲಾಸ್ಟಿಕ್ ಹೊದಿಕೆ ಮಳೆಗಾಲದಲ್ಲಿ ತೇವವನ್ನು ಒಳಗೇ ಹಿಡಿದಿಡುತ್ತದೆ. ಮಂಗಳೂರು, ಉಡುಪಿಯ ಕಡೆಯವರು ಸೀಟಿನ ಮೇಲೆ ಬಟ್ಟಲಲ್ಲಿ ಇದ್ದಿಲು ಅಥವಾ ತೇವ ಹೀರುವ ಡಬ್ಬಿ ಇಟ್ಟು ಹೋದರೆ ಬೂಷ್ಟು ಬಹಳ ಕಡಿಮೆಯಾಗುತ್ತದೆ.

ಹೆಜ್ಜೆ 9: ಬಂದ ದಿನ

ವಿಮಾನ ನಿಲ್ದಾಣದಿಂದ ಟ್ಯಾಕ್ಸಿಯಲ್ಲೇ ಬನ್ನಿ, ನಿದ್ದೆ ಮಾಡಿ. ಮರುದಿನ ಬೆಳಕಿನಲ್ಲಿ ಬಾನೆಟ್ ಎತ್ತಿ ಗೂಡು, ಕಡಿದ ವೈರು ನೋಡಿ, ಕಾರಿನಡಿಯ ನೆಲದಲ್ಲಿ ಆಯಿಲ್ ಸೋರಿದ ಕಲೆ ಹುಡುಕಿ. ತಂತಿ ಜೋಡಿಸಿ ಸ್ಟಾರ್ಟ್ ಮಾಡಿದ ಮೇಲೆ ಎರಡು ನಿಮಿಷ ಹಾಗೇ ಬಿಡಿ, ಆಕ್ಸಿಲರೇಟರು ಒತ್ತಬೇಡಿ. ಮೊದಲ ಕೆಲವು ಬ್ರೇಕಿಗೆ ಗರಗರ ಸದ್ದು ಬರುತ್ತದೆ, ಡಿಸ್ಕಿನ ಮೇಲಿನ ತೆಳು ತುಕ್ಕು ಅದು, ನಾಲ್ಕೈದು ಸಲ ಒತ್ತಿದರೆ ಹೋಗುತ್ತದೆ. ಸದ್ದು ನಿಲ್ಲದಿದ್ದರೆ, ಬ್ರೇಕು ಒಂದು ಕಡೆ ಎಳೆದರೆ, ಹತ್ತಿರದ ಗ್ಯಾರೇಜಿಗೆ ನಿಧಾನ ಒಯ್ಯಿರಿ. ಬಂಕಿನಲ್ಲಿ ಗಾಳಿಯನ್ನು ಮಾಮೂಲಿಗೆ ಇಳಿಸಿ, ಸ್ವಲ್ಪ ಹೊಸ ಪೆಟ್ರೋಲು ಬೆರೆಸಿ, ರಿಂಗ್ ರಸ್ತೆಯಲ್ಲಿ ಇಪ್ಪತ್ತು ಕಿಲೋಮೀಟರು ಓಡಿಸಿ ಬನ್ನಿ. ಚಾಮುಂಡಿ ಬೆಟ್ಟ ಅದಾದ ಮೇಲೆ.